ಮನೆಯ ವಿಡಿಯೊ: ಚಿತ್ರೀಕರಣದಿಂದ ಸಂರಕ್ಷಣೆಯವರೆಗೆ

ಕುಟುಂಬದವರೇ ತಮ್ಮವರ ದಿನನಿತ್ಯದ ಬದುಕು, ಹಬ್ಬ-ಹರಿದಿನ, ಶುಭಕಾರ್ಯ ಹಾಗೂ ಪ್ರವಾಸಗಳನ್ನು ತಮ್ಮವರು ನೋಡಲೆಂದೇ ಚಿತ್ರೀಕರಿಸಿಕೊಂಡ ಕಿರು ದೃಶ್ಯಾವಳಿಗೆ ಮನೆಯ ವಿಡಿಯೊ ಅಥವಾ ಹೋಮ್ ವಿಡಿಯೊ ಎಂದು ಹೆಸರು. ಇದಕ್ಕೆ ನಿರ್ಮಾಪಕರಿಲ್ಲ, ಕಥೆಯಿಲ್ಲ, ಟಿಕೆಟ್ಟಿಲ್ಲ. ನೋಡುಗರ ಸಂಖ್ಯೆ ಹತ್ತನ್ನು ದಾಟದೆಯೂ ಇರಬಹುದು. ಆದರೂ ಒಂದು ಮನೆತನದ ನಡೆ-ನುಡಿ, ಉಡುಗೆ-ತೊಡುಗೆ, ಮಾತಿನ ಧಾಟಿ ಹೇಗಿದ್ದವು ಎಂಬುದಕ್ಕೆ ಇದರಷ್ಟು ನೇರವಾದ ದಾಖಲೆ ವಿರಳ. ಭಾವಚಿತ್ರದಲ್ಲಿ ಅಜ್ಜಿಯ ಮುಖವಷ್ಟೇ ಉಳಿಯುತ್ತದೆ. ವಿಡಿಯೊದಲ್ಲಿ ಆಕೆಯ ದನಿಯೂ ಉಳಿಯುತ್ತದೆ.

ಮೊಬೈಲ್ ಕೈಗೆ ಬಂದ ಮೇಲೆ ಎಲ್ಲರೂ ಛಾಯಾಗ್ರಾಹಕರೇ ಆಗಿದ್ದಾರೆ. ಆದರೆ ಚಿತ್ರೀಕರಣ ಸುಲಭವಾದಷ್ಟು ಸಂರಕ್ಷಣೆ ಸುಲಭವಾಗಿಲ್ಲ. ಅಲಮಾರಿನಲ್ಲಿರುವ ಹಳೆಯ ಕ್ಯಾಸೆಟ್‌ಗಳನ್ನು ನೋಡಲು ಯಂತ್ರವಿಲ್ಲ; ಮೊಬೈಲಿನಲ್ಲಿರುವ ಸಾವಿರಾರು ತುಣುಕುಗಳನ್ನು ನೋಡಲು ವ್ಯವಧಾನವಿಲ್ಲ. ಮೊದಲನೆಯದು ಯಂತ್ರ ಮರೆಯಾದುದರಿಂದ ಆಗುವ ನಷ್ಟ, ಎರಡನೆಯದು ಅತಿಯಾದ ಸಂಗ್ರಹದಿಂದ ಆಗುವ ನಷ್ಟ. ಎರಡೂ ಕಡೆ ಕಳೆದುಹೋಗುವುದು ಮನೆಯ ನೆನಪೇ. ಹೋಮ್ ವಿಡಿಯೊ ಬೆಳೆದುಬಂದ ಬಗೆ, ಅದನ್ನು ತೆಗೆಯುವ, ಹಂಚುವ ಹಾಗೂ ಕಾಪಾಡುವ ಕ್ರಮಗಳ ಕುರಿತ ಮಾಹಿತಿ ಇಲ್ಲಿದೆ.

ರೀಲುಗಳ ಕಾಲ

ಚಲನಚಿತ್ರದ ಚರಿತ್ರೆ ಆರಂಭವಾಗುವಾಗಲೇ ಮನೆಯ ಚಿತ್ರದ ಚರಿತ್ರೆಯೂ ಆರಂಭವಾಯಿತೆನ್ನಬಹುದು. ಫ್ರಾನ್ಸಿನ ಲೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆಯಲ್ಲಿ ತೋರಿಸಿದ ಹತ್ತು ಕಿರುಚಿತ್ರಗಳ ಪೈಕಿ ಒಂದರಲ್ಲಿ ಆಗಸ್ಟ್ ಲೂಮಿಯೇರ್ ಮತ್ತು ಅವರ ಪತ್ನಿ ತಮ್ಮ ಪುಟ್ಟ ಮಗಳಿಗೆ ತೋಟದಲ್ಲಿ ಕುಳಿತು ಉಣಿಸುತ್ತಾರೆ. ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಈ ಚಿತ್ರದಲ್ಲಿ, ಮಗುವಿಗಿಂತಲೂ ಹೆಚ್ಚಾಗಿ ಹಿನ್ನೆಲೆಯಲ್ಲಿ ಗಾಳಿಗೆ ಅಲುಗುವ ಎಲೆಗಳು ಅಂದಿನ ಕೆಲವು ಪ್ರೇಕ್ಷಕರನ್ನು ಬೆರಗುಗೊಳಿಸಿದವೆಂದು ಚಲನಚಿತ್ರ ಚರಿತ್ರೆಕಾರರು ಬರೆದಿದ್ದಾರೆ.

ಸಾಮಾನ್ಯ ಕುಟುಂಬಗಳಿಗೆಂದೇ ಕ್ಯಾಮೆರಾ ತಯಾರಾದದ್ದು 1920ರ ದಶಕದಲ್ಲಿ. ಫ್ರಾನ್ಸಿನ ಪಾಥೆ ಸಂಸ್ಥೆ 1922ರಲ್ಲಿ 9.5 ಮಿಲಿಮೀಟರ್ ಅಗಲದ ಫಿಲ್ಮನ್ನೂ, ಅಮೆರಿಕದ ಕೊಡಾಕ್ ಸಂಸ್ಥೆ 1923ರಲ್ಲಿ 16 ಮಿಲಿಮೀಟರ್ ಫಿಲ್ಮನ್ನೂ ಮಾರುಕಟ್ಟೆಗೆ ತಂದವು. 1932ರಲ್ಲಿ ಅಗ್ಗದ 8 ಮಿಲಿಮೀಟರ್ ಫಿಲ್ಮ್ ಬಂತು. 1965ರಲ್ಲಿ ಬಂದ ಸೂಪರ್ 8, ಫಿಲ್ಮನ್ನು ಕೈಯಾರೆ ಸುತ್ತುವ ಕಷ್ಟವನ್ನು ತಪ್ಪಿಸಿತು. ಪೆಟ್ಟಿಗೆಯನ್ನು ಕ್ಯಾಮೆರಾದೊಳಗೆ ತೂರಿಸಿದರೆ ಸಾಕಿತ್ತು. ಆ ಒಂದು ಪೆಟ್ಟಿಗೆಯಲ್ಲಿದ್ದುದು 50 ಅಡಿ ಫಿಲ್ಮ್, ಅಂದರೆ ಸೆಕೆಂಡಿಗೆ 18 ಚಿತ್ರಗಳ ವೇಗದಲ್ಲಿ 3 ನಿಮಿಷ 20 ಸೆಕೆಂಡುಗಳ ಚಿತ್ರೀಕರಣ. ಪ್ರತಿ ಸೆಕೆಂಡಿಗೂ ಹಣ ತೆರಬೇಕಾದ್ದರಿಂದ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಅಂದು ಅನಿವಾರ್ಯವಾಗಿತ್ತು.

ಭಾರತದಲ್ಲಿ ಈ ಹವ್ಯಾಸ ಬಹುಕಾಲ ಅರಮನೆಗಳು, ಬ್ರಿಟಿಷ್ ಅಧಿಕಾರಿಗಳು ಹಾಗೂ ಬೆರಳೆಣಿಕೆಯ ಸಿರಿವಂತರಿಗೆ ಸೀಮಿತವಾಗಿತ್ತು. ಇಲ್ಲಿ ನೆಲೆಸಿದ್ದ ಬ್ರಿಟಿಷ್ ಕುಟುಂಬಗಳು ತೆಗೆದ ಇಂತಹ ನೂರಾರು ರೀಲುಗಳು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿ ಸಂಗ್ರಹವಾಗಿವೆ. ಮಕ್ಕಳ ಆಟ, ತೋಟದ ಔತಣ, ಬೇಟೆಗಳನ್ನು ತೆಗೆಯಹೊರಟ ಆ ಕ್ಯಾಮೆರಾಗಳಲ್ಲಿ ಅಂದಿನ ಬೀದಿ, ಸಂತೆ, ಮನೆಗೆಲಸದವರ ಬದುಕೂ ತಾನಾಗಿ ಸೆರೆಯಾಗಿದೆ. ಇಂದಿನ ಇತಿಹಾಸಕಾರರಿಗೆ ಮುಖ್ಯವಾಗಿರುವುದು ಆ ಹಿನ್ನೆಲೆಯೇ.

ಖಾಸಗಿ ಚಿತ್ರವು ದೇಶದ ಆಸ್ತಿಯಾದ ಉದಾಹರಣೆಗಳೂ ಇವೆ. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿ ಅವರ ಹತ್ಯೆಯನ್ನು ಸೆರೆಹಿಡಿದದ್ದು ಏಬ್ರಹಾಂ ಜಪ್ರೂಡರ್ ಎಂಬ ಉಡುಪು ತಯಾರಕರ 8 ಮಿಲಿಮೀಟರ್ ಕ್ಯಾಮೆರಾ. 27 ಸೆಕೆಂಡುಗಳಿಗೂ ಕಡಿಮೆ ಅವಧಿಯ ಆ ಚಿತ್ರ 1994ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿತು. ಎರಡನೇ ಮಹಾಯುದ್ಧದ ವೇಳೆ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ್ದ ಯೂಟಾ ರಾಜ್ಯದ ಟೋಪಾಜ್ ಶಿಬಿರದಲ್ಲಿ ಡೇವ್ ತತ್ಸುನೊ ಎಂಬ ಬಂದಿ ಗುಟ್ಟಾಗಿ ತೆಗೆದ ಚಿತ್ರಗಳು 1996ರಲ್ಲಿ ಅದೇ ಗೌರವಕ್ಕೆ ಪಾತ್ರವಾದವು. ಶಿಬಿರದೊಳಗಿನ ದೈನಂದಿನ ಬದುಕಿನ ಆ ಚಿತ್ರಗಳು ಇಂದು ಒಂದು ಅನ್ಯಾಯಕ್ಕೆ ಸಾಕ್ಷಿಯಾಗಿ ನಿಂತಿವೆ.

ಕ್ಯಾಸೆಟ್‌ನಿಂದ ಅಂತರ್ಜಾಲಕ್ಕೆ

ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್ 1975ರಲ್ಲೂ, ಜೆವಿಸಿ ಸಂಸ್ಥೆಯ ವಿಎಚ್‌ಎಸ್ 1976ರಲ್ಲೂ ಬಂದವು. ಕ್ಯಾಮೆರಾ ಮತ್ತು ರೆಕಾರ್ಡರ್ ಒಂದೇ ಯಂತ್ರದಲ್ಲಿ ಕೂಡಿದ ಕ್ಯಾಮ್‌ಕಾರ್ಡರ್ ಸಾಮಾನ್ಯ ಗ್ರಾಹಕರಿಗೆ ದೊರೆತದ್ದು 1983ರಲ್ಲಿ. 1985ರಲ್ಲಿ ಸೋನಿಯ ಪುಟ್ಟ 8 ಮಿಲಿಮೀಟರ್ ವಿಡಿಯೊ ಕ್ಯಾಸೆಟ್, 1995ರಲ್ಲಿ ಮಿನಿಡಿವಿ ಎಂಬ ಡಿಜಿಟಲ್ ಕ್ಯಾಸೆಟ್ ಬಳಕೆಗೆ ಬಂದವು.

ನಮ್ಮಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ವೇಳೆಗೆ ದೂರದರ್ಶನ ಬಣ್ಣ ತಳೆಯಿತು. ವಿಸಿಆರ್‌ಗಳು ನಗರಗಳ ಮನೆ ಸೇರತೊಡಗಿದವು. ಕರಾವಳಿಯ ಮಂಗಳೂರು, ಉಡುಪಿ, ಭಟ್ಕಳ ಭಾಗಗಳಿಗೆ ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬರುತ್ತಿದ್ದವರು ಟೇಪ್ ರೆಕಾರ್ಡರ್ ಜೊತೆಗೆ ವಿಡಿಯೊ ಯಂತ್ರಗಳನ್ನೂ ತಂದರು. ಉಳಿದೆಡೆ ಹೆಚ್ಚಿನ ಕುಟುಂಬಗಳಿಗೆ ಮೊದಲ ವಿಡಿಯೊ ಎಂದರೆ ಮದುವೆಯ ಕ್ಯಾಸೆಟ್. ಹೆಗಲ ಮೇಲೆ ಭಾರವಾದ ಕ್ಯಾಮೆರಾ ಹೊತ್ತ ಸ್ಟುಡಿಯೊದವರು, ಹಿಂದೆ ಪ್ರಖರ ದೀಪ ಹಿಡಿದ ಹುಡುಗ, ಕಣ್ಣು ಕಿರಿದುಮಾಡಿ ನಿಂತ ನೆಂಟರು—ಈ ದೃಶ್ಯ 1980 ಮತ್ತು 90ರ ದಶಕಗಳ ಕಲ್ಯಾಣಮಂಟಪಗಳಿಗೆಲ್ಲ ಸಾಮಾನ್ಯ. ಹೂವಿನ ಎಸಳು, ಹೃದಯದ ಆಕಾರದ ಚೌಕಟ್ಟುಗಳನ್ನು ಸೇರಿಸಿ, ಮೂಲ ಧ್ವನಿಯನ್ನು ಅಳಿಸಿ ಸಿನಿಮಾ ಹಾಡು ತುಂಬುವುದು ಅಂದಿನ ರೂಢಿ. ಅದರ ಬೆಲೆ ಈಗ ಅರಿವಿಗೆ ಬರುತ್ತಿದೆ. ಆ ಕ್ಯಾಸೆಟ್‌ಗಳಲ್ಲಿ ಹಿರಿಯರ ತುಟಿ ಅಲುಗುತ್ತದೆ, ಮಾತು ಕೇಳಿಸುವುದಿಲ್ಲ. ಸೋಬಾನೆ ಹಾಡಿದವರ ದನಿಯೂ ಅಲ್ಲಿಲ್ಲ.

ಬೆಂಗಳೂರಿನ ತಂತ್ರಜ್ಞರು ಅಮೆರಿಕ, ಯೂರೋಪಿಗೆ ತೆರಳಿದ 1990ರ ದಶಕದ ಕೊನೆ ಹಾಗೂ 2000ದ ದಶಕದಲ್ಲಿ ವಿಡಿಯೊ ಸಾಗರ ದಾಟುವ ಪತ್ರವಾಯಿತು. ಮೊಮ್ಮಗುವಿನ ಮೊದಲ ಹೆಜ್ಜೆ ವಿಸಿಡಿ ರೂಪದಲ್ಲಿ ಅಂಚೆಯ ಮೂಲಕ ಊರು ತಲುಪುತ್ತಿತ್ತು. 2005ರ ಏಪ್ರಿಲ್ 23ರಂದು ಯೂಟ್ಯೂಬ್‌ಗೆ ಸೇರಿದ ಮೊದಲ ವಿಡಿಯೊ ಕೂಡ ಒಂದರ್ಥದಲ್ಲಿ ಪ್ರವಾಸದ ಹೋಮ್ ವಿಡಿಯೊವೇ: ಸಂಸ್ಥಾಪಕರಲ್ಲೊಬ್ಬರಾದ ಜಾವೇದ್ ಕರೀಂ ಸ್ಯಾನ್ ಡಿಯಾಗೊ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತನಾಡುವ 19 ಸೆಕೆಂಡುಗಳ ತುಣುಕು ಅದು. ಫೋಟೊ ತಾಣ ಫ್ಲಿಕರ್ 2008ರಲ್ಲಿ ವಿಡಿಯೊಗಳಿಗೆ ಅವಕಾಶ ನೀಡಿದಾಗ 90 ಸೆಕೆಂಡುಗಳ ಮಿತಿ ಹಾಕಿ, ಅವುಗಳನ್ನು ‘ಉದ್ದನೆಯ ಫೋಟೊ’ಗಳೆಂದು ಕರೆದಿತ್ತು. ಮನೆಯ ವಿಡಿಯೊಗಳಿಗೆ ಇಂದಿಗೂ ಹೊಂದುವ ಹೆಸರಿದು.

ಏನನ್ನು ತೆಗೆಯಬೇಕು?

ಕೇಕ್ ಕತ್ತರಿಸುವುದು, ಆರತಿ ಎತ್ತುವುದು, ಜಲಪಾತದ ಮುಂದೆ ಸಾಲಾಗಿ ನಿಲ್ಲುವುದು—ಇವು ಎಲ್ಲರ ಮನೆಯಲ್ಲೂ ಒಂದೇ ಬಗೆ. ಕಾಲ ಕಳೆದಂತೆ ಬೆಲೆ ಏರುವುದು ಸಾಧಾರಣ ಸಂಗತಿಗಳಿಗೆ. ಅಮ್ಮ ರೊಟ್ಟಿ ತಟ್ಟುವ ಸದ್ದು, ಅಪ್ಪ ಸ್ಕೂಟರ್ ಒದೆಯುವ ರೀತಿ, ಅಡುಗೆಮನೆಯ ಡಬ್ಬಿಗಳ ಸಾಲು, ಮಗು ತಪ್ಪಾಗಿ ಉಚ್ಚರಿಸುವ ಪದ, ಮಾರಲಿರುವ ಹಳೆಯ ಮನೆಯ ಜಗಲಿ—ಇವನ್ನು ತೆಗೆದಿಡುವವರು ಕಡಿಮೆ. ಹತ್ತು ವರ್ಷಗಳ ಬಳಿಕ ಮನೆಯವರು ಮತ್ತೆ ಮತ್ತೆ ನೋಡಲು ಬಯಸುವುದು ಇವನ್ನೇ.

ಹಿರಿಯರನ್ನು ಚಿತ್ರೀಕರಿಸುವಾಗ ‘ಏನಾದರೂ ಮಾತನಾಡಿ’ ಎಂದರೆ ಅವರು ಸಂಕೋಚಪಡುತ್ತಾರೆ. ಕೈಗೆ ಕೆಲಸ ಕೊಟ್ಟು, ನಿರ್ದಿಷ್ಟ ಪ್ರಶ್ನೆ ಕೇಳುವುದು ಒಳಿತು. ಅವರೆಕಾಳು ಸುಲಿಯುತ್ತಿರುವ ಅಜ್ಜಿಯನ್ನು ‘ನೀವು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಯಾರ್ಯಾರಿದ್ದರು?’ ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಊರಿನ ನುಡಿಗಟ್ಟು, ಹಾಡು, ಗಾದೆಗಳು ಆ ದನಿಯಲ್ಲೇ ದಾಖಲಾಗುತ್ತವೆ.

ಮರೆಯಬಾರದ ಮತ್ತೊಂದು ಅಂಶವಿದೆ. ಕ್ಯಾಮೆರಾ ಹಿಡಿದವರು ಯಾವ ದೃಶ್ಯದಲ್ಲೂ ಇರುವುದಿಲ್ಲ. ವರ್ಷಗಟ್ಟಲೆ ಮನೆಯವರನ್ನೆಲ್ಲ ಚಿತ್ರೀಕರಿಸಿದ ತಂದೆಯದೋ ತಾಯಿಯದೋ ಒಂದು ದೃಶ್ಯವೂ ಇಲ್ಲದ ಸಂಗ್ರಹಗಳು ಬಹಳ. ಪ್ರತಿ ಸಂದರ್ಭದಲ್ಲಿಯೂ ಒಮ್ಮೆಯಾದರೂ ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಡಬೇಕು. ಮಕ್ಕಳ ಕೈಗಾದರೂ ಸರಿ.

ಚಿತ್ರೀಕರಣದ ಸರಳ ಕ್ರಮಗಳು

ಮೊಬೈಲಿನಲ್ಲಿ ಒಳ್ಳೆಯ ವಿಡಿಯೊ ತೆಗೆಯಲು ದುಬಾರಿ ಉಪಕರಣ ಬೇಕಿಲ್ಲ. ಈ ಕೆಳಗಿನ ಕ್ರಮಗಳನ್ನು ಅನುಸರಿಸಿದರೆ ಸಾಕು:

* ಮಸೂರವನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ಜೇಬಿನ ಬೆವರು, ಬೆರಳಚ್ಚುಗಳೇ ಮಂಜುಮಂಜಾದ ಚಿತ್ರಕ್ಕೆ ಬಹುಪಾಲು ಕಾರಣ.
* ಪ್ರತಿ ದೃಶ್ಯವನ್ನು ಕನಿಷ್ಠ 10 ಸೆಕೆಂಡು ಅಲುಗಿಸದೆ ಹಿಡಿಯಿರಿ. ಮೊಣಕೈಗಳನ್ನು ಎದೆಗೆ ಒತ್ತಿಕೊಂಡರೆ ಅಥವಾ ಕಂಬಕ್ಕೆ ಒರಗಿದರೆ ನಡುಕ ತಗ್ಗುತ್ತದೆ.
* ಝೂಮ್ ಮಾಡುವ ಬದಲು ಎರಡು ಹೆಜ್ಜೆ ಮುಂದಿಡಿ. ಚಿತ್ರವೂ ಸ್ಪಷ್ಟ, ಧ್ವನಿಯೂ ಸ್ಪಷ್ಟ.
* ಬೆಳಕು ವ್ಯಕ್ತಿಯ ಮುಖದ ಮೇಲಿರಲಿ, ಬೆನ್ನ ಹಿಂದಲ್ಲ. ಕಿಟಕಿಯ ಪಕ್ಕದ ಬೆಳಕು ಎಲ್ಲಕ್ಕಿಂತ ಹಿತ.
* ಟಿ.ವಿ., ಮಿಕ್ಸಿ, ಫ್ಯಾನುಗಳ ಸದ್ದನ್ನು ನಿಲ್ಲಿಸಿ. ಚಿತ್ರ ಕೊಂಚ ಮಸುಕಾದರೂ ನೋಡಬಹುದು, ಮಾತು ಕೇಳಿಸದಿದ್ದರೆ ಆಗದು.
* ಟಿ.ವಿ. ಪರದೆಯಲ್ಲಿ ನೋಡುವ ಉದ್ದೇಶವಿದ್ದರೆ ಮೊಬೈಲನ್ನು ಅಡ್ಡವಾಗಿ ಹಿಡಿಯಿರಿ.
* ಆರಂಭದಲ್ಲೇ ದಿನಾಂಕ, ಸ್ಥಳ, ಹಾಜರಿರುವವರ ಹೆಸರನ್ನು ಬಾಯಲ್ಲಿ ಹೇಳಿ. ಕಡತದ ಹೆಸರು ಬದಲಾಗಬಹುದು, ಆಡಿದ ಮಾತು ಚಿತ್ರದೊಳಗೇ ಇರುತ್ತದೆ.

ಪ್ರವಾಸದಲ್ಲಿ

ಪ್ರವಾಸದ ವಿಡಿಯೊ ಬೇಸರ ತರಿಸಲು ಮುಖ್ಯ ಕಾರಣ, ಅದರಲ್ಲಿ ತಾಣವಿರುತ್ತದೆ, ಹೋದವರಿರುವುದಿಲ್ಲ. ಹಂಪಿಯ ಕಲ್ಲಿನ ರಥವನ್ನು ನಮಗಿಂತ ಚೆನ್ನಾಗಿ ತೆಗೆದವರು ಅನೇಕರಿದ್ದಾರೆ. ಆ ರಥದ ಮುಂದೆ ಬಿಸಿಲಿಗೆ ಟೋಪಿ ಹಂಚಿಕೊಂಡ ಅಕ್ಕ-ತಮ್ಮಂದಿರ ಜಗಳವನ್ನು ತೆಗೆಯಬಲ್ಲವರು ನಾವು ಮಾತ್ರ. ಹೊರಡುವ ಮುನ್ನ ಚೀಲ ತುಂಬುವುದು, ರೈಲಿನಲ್ಲಿ ಬುತ್ತಿ ಬಿಚ್ಚುವುದು, ದಾರಿ ತಪ್ಪಿ ಕೇಳುವುದು, ಮರಳಿ ಬಂದು ಬೀಗ ತೆಗೆಯುವುದು—ಇವೆಲ್ಲ ಪ್ರವಾಸದ ಭಾಗಗಳೇ. ಜೋಗದಂತಹ ಕಡೆ ಗಾಳಿ ಮತ್ತು ನೀರಿನ ಅಬ್ಬರ ಮಾತನ್ನು ನುಂಗುವುದರಿಂದ, ನೋಟವನ್ನು ಅಲ್ಲಿ ತೆಗೆದು ಮಾತನ್ನು ಬಳಿಕ ವಾಹನದೊಳಗೆ ದಾಖಲಿಸಿಕೊಳ್ಳುವುದು ಜಾಣತನ.

ನಿಯಮಗಳ ಅರಿವೂ ಅಗತ್ಯ. ಅಜಂತಾ ಗುಹೆಗಳು, ಲೇಹ್ ಅರಮನೆ ಹಾಗೂ ತಾಜ್‌ಮಹಲ್‌ನ ಗೋರಿ ಭಾಗವನ್ನು ಹೊರತುಪಡಿಸಿ ಕೇಂದ್ರ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಛಾಯಾಗ್ರಹಣಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ 2018ರಲ್ಲಿ ಅನುಮತಿ ನೀಡಿತು. ವಿಡಿಯೊಗೆ ಪ್ರತ್ಯೇಕ ಶುಲ್ಕವಿದೆಯೇ, ಟ್ರೈಪಾಡ್ ಬಳಸಬಹುದೇ ಎಂಬುದನ್ನು ಟಿಕೆಟ್ ಕೌಂಟರಿನಲ್ಲೇ ಕೇಳಿಕೊಳ್ಳಬೇಕು. ಕರ್ನಾಟಕದ ಮುಜರಾಯಿ ಇಲಾಖೆ ತನ್ನ ವ್ಯಾಪ್ತಿಯ ದೇವಾಲಯಗಳೊಳಗೆ ಮೊಬೈಲ್ ಬಳಕೆಯನ್ನು ನಿಷೇಧಿಸಿ 2023ರ ಜುಲೈನಲ್ಲಿ ಆದೇಶ ಹೊರಡಿಸಿತು. ಡ್ರೋನ್ ಹಾರಿಸುವವರಿಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದ್ದು, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ನಿಯಮಗಳಿಗಿಂತ ಮಿಗಿಲಾದುದು ಜೀವ. ಜಲಪಾತದ ಅಂಚು, ರೈಲುಹಳಿ, ಪಾಚಿಗಟ್ಟಿದ ಬಂಡೆಗಳಲ್ಲಿ ಪರದೆಯ ಮೇಲೆ ಕಣ್ಣಿಟ್ಟು ಹಿಂದೆ ಹೆಜ್ಜೆ ಇಡುವುದು ಸಲ್ಲದು.

ಸಂಕಲನ

ಅರ್ಧ ಗಂಟೆಯ ಚಿತ್ರೀಕರಣದಿಂದ ಮೂರು ನಿಮಿಷಗಳ ವಿಡಿಯೊ ಸಿದ್ಧಪಡಿಸಿದರೆ ಅದನ್ನು ನೆಂಟರು ಸಂತೋಷದಿಂದ ನೋಡುತ್ತಾರೆ. ಅರ್ಧ ಗಂಟೆಯನ್ನೂ ತೋರಿಸಿದರೆ ಸೌಜನ್ಯಕ್ಕೆ ನೋಡುತ್ತಾರೆ. ಘಟನೆಗಳನ್ನು ನಡೆದ ಕ್ರಮದಲ್ಲೇ ಜೋಡಿಸಿ, ಮೊದಲಿಗೆ ಸ್ಥಳ ಮತ್ತು ತಿಂಗಳು-ವರ್ಷ, ಕೊನೆಗೆ ಪಾಲ್ಗೊಂಡವರ ಹೆಸರುಗಳನ್ನು ಬರೆದರೆ ಸಾಕು. ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಆಸೆಯನ್ನು ತಡೆಯುವುದು ಮೇಲು. ಹಕ್ಕುಸ್ವಾಮ್ಯದ ಕಾರಣಕ್ಕೆ ಅಂತಹ ವಿಡಿಯೊಗಳ ಧ್ವನಿಯನ್ನು ತಾಣಗಳು ಅಳಿಸಿಹಾಕುವುದುಂಟು. ಅದಕ್ಕಿಂತಲೂ ದೊಡ್ಡ ನಷ್ಟವೆಂದರೆ ಮದುವೆ ಕ್ಯಾಸೆಟ್‌ಗಳಲ್ಲಿ ಆದಂತೆ ಮನೆಯವರ ದನಿಯೇ ಮಾಯವಾಗುವುದು. ಸಂಕಲನದ ಬಳಿಕವೂ ಮುಖ್ಯವಾದ ಮೂಲ ತುಣುಕುಗಳನ್ನು ಅಳಿಸಬಾರದು.

ಹಂಚಿಕೆ: ಯಾರಿಗೆ, ಎಷ್ಟು?

ಹಂಚುವ ಮುನ್ನ ಮೂರು ವಲಯಗಳನ್ನು ಗುರುತಿಸಿಕೊಳ್ಳುವುದು ಉಪಯುಕ್ತ: ಮನೆಯವರು, ಬಂಧುಮಿತ್ರರು, ಲೋಕ. ಮನೆಯವರಿಗಾಗಿ ತೆಗೆದದ್ದು ಲೋಕಕ್ಕೆ ಹೋಗಬೇಕಾದರೆ ಅದರಲ್ಲಿರುವ ಎಲ್ಲರ ಒಪ್ಪಿಗೆ ಬೇಕು.

ವಾಟ್ಸ್ಆ್ಯಪ್ ಮೂಲಕ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ವಿಡಿಯೊ ಕುಗ್ಗಿ, ಗುಣಮಟ್ಟ ಕಳೆದುಕೊಳ್ಳುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಮೂಲ ರೂಪದಲ್ಲೇ ತಲುಪುತ್ತದೆ. 2022ರಿಂದ ಈ ಮಿತಿ 2 ಜಿಬಿವರೆಗೆ ಹೆಚ್ಚಿದೆ. ಯೂಟ್ಯೂಬ್‌ನಲ್ಲಿ ‘ಅನ್‌ಲಿಸ್ಟೆಡ್’ ಎಂದು ಇಟ್ಟ ವಿಡಿಯೊ ಹುಡುಕಾಟದಲ್ಲಿ ಸಿಗದಿದ್ದರೂ, ಕೊಂಡಿ ಸಿಕ್ಕ ಯಾರಾದರೂ ನೋಡಬಹುದು. ‘ಪ್ರೈವೇಟ್’ ಎಂದಿಟ್ಟರೆ ಆಹ್ವಾನಿತರು ಮಾತ್ರ ನೋಡಬಹುದು. ಎರಡರ ನಡುವಿನ ವ್ಯತ್ಯಾಸವನ್ನು ಅರಿಯದೆ ಕುಟುಂಬದ ಕೊಂಡಿಗಳನ್ನು ದೊಡ್ಡ ಗುಂಪುಗಳಲ್ಲಿ ಹಾಕುವುದು ಸರಿಯಲ್ಲ. ಪ್ರವಾಸದ ವಿಡಿಯೊಗಳನ್ನು ಮನೆಗೆ ಮರಳಿದ ಬಳಿಕವೇ ಪ್ರಕಟಿಸುವುದು ಕ್ಷೇಮ. ಮನೆಗೆ ಬೀಗ ಬಿದ್ದಿದೆ ಎಂಬ ಸಂಗತಿ ಊರಿಗೆಲ್ಲ ತಿಳಿಯಬೇಕಿಲ್ಲ.

ಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಸ್ನಾನ, ಅಳು, ಹಟ, ಕಾಯಿಲೆಯ ದೃಶ್ಯಗಳು ತಂದೆತಾಯಿಗೆ ಮುದ್ದಾಗಿ ಕಾಣಬಹುದು. ಆ ಮಗು ಪ್ರೌಢಶಾಲೆಗೆ ಬಂದಾಗ ಸಹಪಾಠಿಗಳ ಕೈಗೆ ಸಿಕ್ಕರೆ ಅವಮಾನಕ್ಕೆ ದಾರಿಯಾಗಬಹುದು. ಶಾಲಾ ಸಮವಸ್ತ್ರ, ಮನೆಯ ವಿಳಾಸ, ವಾಹನದ ಸಂಖ್ಯೆ ಕಾಣುವ ದೃಶ್ಯಗಳು ಅಪರಿಚಿತರಿಗೆ ಮಗುವಿನ ಜಾಡು ನೀಡುತ್ತವೆ. ಮಗುವಿನ ಚಿತ್ರದ ಹಕ್ಕನ್ನು ಕಾಪಾಡುವುದು ತಂದೆತಾಯಿ ಇಬ್ಬರ ಹೊಣೆ ಎಂದು ಫ್ರಾನ್ಸ್ 2024ರ ಫೆಬ್ರುವರಿಯಲ್ಲಿ ಕಾನೂನನ್ನೇ ತಂದಿತು. ಮಗುವಿನ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಅದರ ಅಭಿಪ್ರಾಯವನ್ನೂ ಕೇಳಬೇಕೆಂಬುದು ಅಲ್ಲಿನ ನಿಯಮ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವ್ಯಕ್ತಿಯೊಬ್ಬರ ವೈಯಕ್ತಿಕ ಅಥವಾ ಗೃಹಬಳಕೆಯ ಉದ್ದೇಶಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹೀಗಾಗಿ ಮನೆಯೊಳಗಿನ ವಿವೇಚನೆಯ ಹೊಣೆ ಮನೆಯವರದೇ. ಮಗುವಿಗೆ ಮಾತು ಬಂದ ಮೇಲೆ ಮೊದಲು ಅದನ್ನೇ ಕೇಳುವುದು ಒಳ್ಳೆಯ ಅಭ್ಯಾಸ. ಇದೇ ಮಾತು ಹಾಸಿಗೆ ಹಿಡಿದ ಹಿರಿಯರಿಗೂ, ಮನೆಗೆಲಸಕ್ಕೆ ಬರುವವರಿಗೂ ಅನ್ವಯ.

ಸಂರಕ್ಷಣೆ

ತಾಣಗಳು ಶಾಶ್ವತವಲ್ಲ. ಆರ್ಕುಟ್ 2014ರಲ್ಲಿ ಮುಚ್ಚಿತು. ಆರು ಸೆಕೆಂಡುಗಳ ವಿಡಿಯೊಗೆ ಹೆಸರಾಗಿದ್ದ ವೈನ್ 2017ರಲ್ಲಿ ನಿಂತಿತು. ಟಿಕ್‌ಟಾಕ್ ಅನ್ನು 2020ರ ಜೂನ್ 29ರಂದು ಭಾರತದಲ್ಲಿ ನಿಷೇಧಿಸಲಾಯಿತು; ಅಲ್ಲಿ ಮಾತ್ರ ಇಟ್ಟುಕೊಂಡಿದ್ದವರ ತುಣುಕುಗಳು ಕೈತಪ್ಪಿದವು. ಗೂಗಲ್ ಫೋಟೋಸ್‌ನ ಅಪರಿಮಿತ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಖಾತೆದಾರರು ತೀರಿಕೊಂಡ ಮನೆಗಳಲ್ಲಿ ಇದು ಗಂಭೀರ ವಿಷಯ. ‘ನಿಷ್ಕ್ರಿಯ ಖಾತೆ’ ವ್ಯವಸ್ಥೆಯಲ್ಲಿ ನಂಬಿಕಸ್ಥರೊಬ್ಬರ ಹೆಸರನ್ನು ಮೊದಲೇ ಸೂಚಿಸಿದರೆ ಸಂಗ್ರಹ ಅವರ ಕೈಗೆ ಸಿಗುತ್ತದೆ.

ಹಳೆಯ ಕ್ಯಾಸೆಟ್‌ಗಳ ಸ್ಥಿತಿ ಇನ್ನೂ ನಾಜೂಕು. ಕಾಂತೀಯ ಟೇಪು ವರ್ಷಗಳು ಕಳೆದಂತೆ ಸವಕಲಾಗುತ್ತದೆ. ನಮ್ಮ ಕರಾವಳಿ, ಮಲೆನಾಡುಗಳ ಮಳೆಗಾಲದ ತೇವ ಬೂಷ್ಟಿಗೆ ಆಹ್ವಾನ. ಓಡಿಸುವ ಯಂತ್ರಗಳೂ ಮರೆಯಾಗುತ್ತಿವೆ: ಸೋನಿ 2016ರ ಮಾರ್ಚ್‌ನಲ್ಲಿ ಬೀಟಾಮ್ಯಾಕ್ಸ್ ಕ್ಯಾಸೆಟ್ ಮಾರಾಟವನ್ನು ನಿಲ್ಲಿಸಿತು, ಅದೇ ವರ್ಷದ ಜುಲೈನಲ್ಲಿ ಜಪಾನಿನ ಫುನಾಯ್ ಸಂಸ್ಥೆ ವಿಸಿಆರ್ ತಯಾರಿಕೆಗೆ ಮಂಗಳ ಹಾಡಿತು. ಜಗತ್ತಿನ ಟೇಪು ಸಂಗ್ರಹಗಳಿಗೆ ಒದಗಿರುವ ಅಪಾಯದ ಬಗ್ಗೆ ಯುನೆಸ್ಕೊ 2019ರಲ್ಲಿಯೇ ಎಚ್ಚರಿಕೆಯ ಯೋಜನೆಯೊಂದನ್ನು ಆರಂಭಿಸಿತ್ತು. ಆದ್ದರಿಂದ ಕ್ಯಾಸೆಟ್ ಇರುವವರು ಇನ್ನು ತಡಮಾಡಬಾರದು.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕಿ ಪರೀಕ್ಷಿಸಬೇಡಿ. ಟೇಪೂ ಹಾಳು, ಯಂತ್ರವೂ ಹಾಳು. ಅಕಸ್ಮಾತ್ ಮೇಲೆ ಮತ್ತೇನೋ ದಾಖಲಾಗದಂತೆ ವಿಎಚ್‌ಎಸ್ ಕ್ಯಾಸೆಟ್‌ನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮುರಿದುಬಿಡಿ. ಸುಸ್ಥಿತಿಯಲ್ಲಿರುವ ವಿಸಿಆರ್ ಹಾಗೂ ಯುಎಸ್‌ಬಿ ಕ್ಯಾಪ್ಚರ್ ಸಾಧನವಿದ್ದರೆ ಮನೆಯಲ್ಲೇ ಕಂಪ್ಯೂಟರಿಗೆ ಇಳಿಸಬಹುದು. ಮಿನಿಡಿವಿಯನ್ನು ಫೈರ್‌ವೈರ್ ಕೇಬಲ್ ಮೂಲಕ ಇಳಿಸಿದರೆ ಗುಣಮಟ್ಟ ಕಿಂಚಿತ್ತೂ ಕುಗ್ಗುವುದಿಲ್ಲ. ಒಂದು ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಸ್ಟುಡಿಯೊಗೆ ಕೊಡುವುದಾದರೆ ಡಿವಿಡಿ ಮಾತ್ರವಲ್ಲದೆ ಮೂಲ ಕಡತವನ್ನೂ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಬೇಕು. ಧ್ವನಿ ಬದಲಿಸಬೇಡಿ, ಏನನ್ನೂ ಕತ್ತರಿಸಬೇಡಿ ಎಂದು ಸ್ಪಷ್ಟವಾಗಿ ಹೇಳಬೇಕು. ಕೆಲಸ ಮುಗಿದ ಬಳಿಕವೂ ಮೂಲ ಕ್ಯಾಸೆಟ್ಟನ್ನು ಎಸೆಯಬಾರದು.

ಡಿಜಿಟಲ್ ಕಡತಗಳಿಗೆ ಗ್ರಂಥಾಲಯಗಳೂ ಒಪ್ಪುವ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಮೊಬೈಲಿನಲ್ಲೊಂದು, ಮನೆಯ ಹಾರ್ಡ್‌ಡಿಸ್ಕಿನಲ್ಲೊಂದು, ದೂರದ ಅಕ್ಕನ ಮನೆಯಲ್ಲಿ ಅಥವಾ ಕ್ಲೌಡ್‌ನಲ್ಲಿ ಮತ್ತೊಂದು ಇರಲಿ. ವರ್ಷಕ್ಕೊಮ್ಮೆ, ಯುಗಾದಿಯಂದೋ ಆಯುಧಪೂಜೆಯಂದೋ, ಹಾರ್ಡ್‌ಡಿಸ್ಕನ್ನು ಜೋಡಿಸಿ ನೋಡಿ. ಕಡತಗಳಿಗೆ ವರ್ಷ, ತಿಂಗಳು, ದಿನ, ಊರು, ಸಂದರ್ಭ ಎಂಬ ಕ್ರಮದಲ್ಲಿ ಹೆಸರಿಟ್ಟರೆ ‘2024-11-01 ಧಾರವಾಡ ಗೃಹಪ್ರವೇಶ’ ಎಂಬಂತೆ ತಾವಾಗಿಯೇ ಕಾಲಾನುಕ್ರಮದಲ್ಲಿ ಕೂಡುತ್ತವೆ.

ಕೊನೆಯದಾಗಿ, ಹೆಸರಿನ ವಿಷಯ. ಹಳೆಯ ವಿಡಿಯೊಗಳಲ್ಲಿ ಕಾಣುವ ಮುಖಗಳನ್ನು ಗುರುತಿಸಬಲ್ಲವರು ಮನೆಯಲ್ಲಿ ಒಬ್ಬಿಬ್ಬರು ಮಾತ್ರ ಉಳಿದಿರುತ್ತಾರೆ. ಅವರ ನಂತರ ಅಲ್ಲಿರುವವರೆಲ್ಲ ಅಪರಿಚಿತರೇ. 2003ರಿಂದ ಅನೇಕ ದೇಶಗಳಲ್ಲಿ ‘ಹೋಮ್ ಮೂವಿ ಡೇ’ ಎಂಬ ದಿನದಂದು ಜನರು ತಮ್ಮ ರೀಲುಗಳನ್ನು ತಂದು ಒಟ್ಟಾಗಿ ನೋಡುವ ಪದ್ಧತಿ ನಡೆದುಬಂದಿದೆ. ನಮ್ಮಲ್ಲಿ ಅದಕ್ಕೆ ಪ್ರತ್ಯೇಕ ದಿನ ಬೇಕಿಲ್ಲ. ಬಂಧುಗಳೆಲ್ಲ ಸೇರುವ ಹಬ್ಬದ ಮಧ್ಯಾಹ್ನ ಸಾಕು. ವಿಡಿಯೊವನ್ನು ಟಿ.ವಿ.ಯಲ್ಲಿ ಹಚ್ಚಿ, ಹಿರಿಯರನ್ನು ಎದುರಿಗೆ ಕೂರಿಸಿ, ಅವರು ಹೇಳುವ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅವರು ನೆನಪಿಸಿಕೊಳ್ಳುವ ಪರಿಯನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ.